ಗೊರವಂಕ ಇಟ್ಟ ಜಾಹೀರಾತಿನ ಅಂಗಡಿ

ಎರಡು ಹಳ್ಳಗಳು ಬಂದು ಕೂಡುವ ಒಂದು ಕಾಡಿನಲ್ಲಿ ದೊಡ್ಡದೊಂದು ಅತ್ತಿಮರವಿತ್ತು. ಈಗ ನಮ್ಮ ಊರುಗಳಲ್ಲಿ ಕೈಗೊಂದು ಮೊಬೈಲ್ ಬಂದಿದೆಯಲ್ಲ, ಯಾರ ಮನೆಯಲ್ಲಿ ಇವತ್ತು ಏನು ಅಡಿಗೆ ಎಂಬುದೂ ಅದರಲ್ಲಿ ಬರುತ್ತದಲ್ಲ, ಆ ಕಾಡಿನವರಿಗೆ ಈ ಅತ್ತಿಮರವೇ ಹಾಗಿತ್ತು. ಬೆಳಗಾಯಿತೆಂದರೆ ಹಕ್ಕಿ, ಅಳಿಲು, ಕೋತಿಗಳು ಕೊಂಬೆಗಳ ಮೇಲೆ ಸೇರುತ್ತಿದ್ದವು. ಜಿಂಕೆ, ಮೊಲ, ಆಮೆಗಳು ನೆರಳಿನಲ್ಲಿ ಕೂಡುತ್ತಿದ್ದವು. ಒಬ್ಬರು ಹೇಳಿದ್ದನ್ನು ಹತ್ತು ಜನ ಕೇಳುತ್ತಿದ್ದರು. ಮಾತು ಹಿಡಿಸಿದರೆ ಒಂದು ಎಲೆ ಕಿತ್ತು ಕೆಳಗೆ ಬಿಡುತ್ತಿದ್ದರು. ಯಾರ ಮಾತಿಗೆ ಎಷ್ಟು ಎಲೆ ಉದುರಿತು ಎಂಬುದೇ ಆ ದಿನದ ದೊಡ್ಡ ಸುದ್ದಿ.

ಅದೇ ಮರದ ಪೊಟರೆಯಲ್ಲಿ ಗೌರಕ್ಕ ಎಂಬ ಗೊರವಂಕ ವಾಸವಾಗಿದ್ದಳು. ದಿನವೂ ಹಳ್ಳದಲ್ಲಿ ರೆಕ್ಕೆ ನೆನೆಸಿ, ಮೂಡುವ ಸೂರ್ಯದೇವರಿಗೆ ತಲೆಬಾಗಿ, ಆಮೇಲೆಯೇ ಅವಳು ಬಾಯಿ ತೆರೆಯುವುದು. ತೆರೆದಳೆಂದರೆ ಕೇಳುವವರು ಅಲ್ಲಿಂದ ಕಾಲು ಕೀಳುತ್ತಿರಲಿಲ್ಲ. ಯಾರಾದರೂ ಹೊಗಳಿದರೆ, "ಕಂಠ ಭಗವಂತ ಕೊಟ್ಟದ್ದು. ಅದರಲ್ಲಿ ನನ್ನದೇನಿದೆ?" ಎಂದುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ನೀರು ಕುಡಿಯಲು ಹಳ್ಳಕ್ಕೆ ಇಳಿದಳು. ಅಲ್ಲಿ ನಂಜವ್ವ ಎಂಬ ಮೊಲ ಬಾಡಿದ ಸೊಪ್ಪಿನ ಕಟ್ಟುಗಳನ್ನು ಒಂದೊಂದಾಗಿ ನೀರಿಗೆ ಎಸೆಯುತ್ತಿತ್ತು.

"ಇದೇನು ನಂಜವ್ವ, ಇಷ್ಟು ಒಳ್ಳೆಯ ಒಂದೆಲಗವನ್ನು ಹಳ್ಳಕ್ಕೆ ಹಾಕ್ತಿದ್ದೀಯ?"

"ಏನು ಮಾಡಲಿ ಗೌರಕ್ಕ? ಬೆಳಗಿನಿಂದ ಅಂಗಡಿ ಹಾಕಿಕೊಂಡು ಕೂತೆ. ಒಬ್ಬರೂ ಬರಲಿಲ್ಲ. ಸೊಪ್ಪು ಕೊಟ್ಟು ಕಾಳುಕಡ್ಡಿ ತಗೊಂಡು ಕೂಡಿಡೋಣ ಅಂದುಕೊಂಡಿದ್ದೆ. ಮಳೆಗಾಲ ಮುಂದಿದೆ, ಮನೆಯಲ್ಲಿ ಐದು ಮರಿಗಳು. ನನಗೆ ಸೊಪ್ಪು ಆರಿಸೋಕೆ ಬರುತ್ತೆ, ಕೂಗೋಕೆ ಬರಲ್ಲ. ನಮ್ಮ ಕುಲಕ್ಕೆ ದೇವರು ಇಷ್ಟುದ್ದ ಕಿವಿ ಕೊಟ್ಟ, ಗಂಟಲು ಕೊಡೋದು ಮರೆತ."

ಗೌರಕ್ಕನಿಗೆ ನಗು ಬಂತು, ಹಿಂದೆಯೇ ಕನಿಕರವೂ ಬಂತು. ಆ ರಾತ್ರಿ ಯೋಚಿಸಿದಳು. ಕಾಡಿನಲ್ಲಿ ಇಂಥ ಸಣ್ಣ ವ್ಯಾಪಾರದವರು ಎಷ್ಟೋ ಮಂದಿ. ಗೂಡು ನೇಯುವ ಗೀಜಗ ಇದ್ದಾನೆ, ಮಡಕೆ ಮಾಡುವ ಆಮೆ ಇದ್ದಾನೆ. ಕೈಯಲ್ಲಿ ಕೆಲಸವಿದೆ, ಬಾಯಲ್ಲಿ ಮಾತಿಲ್ಲ. ತನ್ನ ಬಳಿ ಮಾತಿದೆ. ಇದನ್ನು ಅವರಿಗಾಗಿ ಯಾಕೆ ಬಳಸಬಾರದು?

ಮರುದಿನ ಸೂರ್ಯನಿಗೆ ನಮಸ್ಕಾರ ಮಾಡಿ, ತಗ್ಗಿನ ಕೊಂಬೆಯೊಂದರಲ್ಲಿ ಕುಳಿತು, ಗೌರಕ್ಕ ಜಾಹೀರಾತಿನ ಅಂಗಡಿ ತೆರೆದಳು. ಮೊದಲ ಗಿರಾಕಿ ನಂಜವ್ವನೇ.

ಗೌರಕ್ಕ ಮೊದಲು ಒಂದು ಎಲೆ ತಾನೇ ಅಗಿದು ನೋಡಿದಳು. ಆಮೇಲೆ ಕೇಳಿದಳು: "ದಿನಕ್ಕೆ ಎಷ್ಟು ಕಟ್ಟು ಕೊಡಬಲ್ಲೆ?"

"ಹತ್ತು. ಬಹಳ ಅಂದರೆ ಹನ್ನೆರಡು."

"ಯಾರಿಗೆ ಬೇಕಾಗುತ್ತೆ ನಿನ್ನ ಸೊಪ್ಪು?"

"ಬಾಣಂತಿ ಜಿಂಕೆಯರಿಗೆ. ಹಲ್ಲು ಹೋದ ಮುದುಕರಿಗೆ."

"ಸರಿ. ನಿನ್ನ ವಿಷಯ ಯಾರಿಗೆ ಗೊತ್ತಾಗಬಾರದು?"

ನಂಜವ್ವ ಕಿವಿ ನೆಟ್ಟಗೆ ಮಾಡಿಕೊಂಡು ನಕ್ಕಿತು. "ಇದೆಂಥ ಪ್ರಶ್ನೆ ಅಕ್ಕ! ಅಂಗಡಿ ಇಟ್ಟವರು ಎಲ್ಲರಿಗೂ ಗೊತ್ತಾಗಲಿ ಅಂತಾರೆ."

"ಊರಿನಲ್ಲಿ ಹಾಗಿರಬಹುದು ತಾಯಿ. ಕಾಡಿನಲ್ಲಿ ನಿನ್ನ ಸೊಪ್ಪು ತಿನ್ನುವವರು ಕೆಲವರು, ನಿನ್ನನ್ನೇ ತಿನ್ನುವವರು ಇನ್ನು ಕೆಲವರು. ಇಬ್ಬರಿಗೂ ಒಂದೇ ಕೂಗು ಹಾಕೋಕಾಗುತ್ತಾ?"

ಆ ದಿನ ಗೌರಕ್ಕ ಗಂಟಲೆತ್ತಿ ಕೂಗಲಿಲ್ಲ. ನೀರಿಗೆ ಬಂದ ಬಾಣಂತಿ ಜಿಂಕೆಯ ಬೆನ್ನ ಮೇಲೆ ಕುಳಿತು, "ಹಾಲು ಕಡಿಮೆಯಾಗಿದೆಯಾ ಮಗಳೇ? ಒಳ್ಳೆಯ ಸೊಪ್ಪು ಬಂದಿದೆ, ನಾನೇ ತಿಂದು ನೋಡಿದ್ದೇನೆ" ಎಂದಳು. ಆಮೆಯಜ್ಜನ ಬಳಿ ಹೋಗಿ ಎಳೆಯ ಗೋಣಿಸೊಪ್ಪಿನ ಮಾತು ತೆಗೆದಳು. ಎಲ್ಲಿ ಸಿಗುತ್ತದೆ ಎಂಬುದನ್ನು ಕೊಳ್ಳಲು ಹೊರಟವರ ಕಿವಿಯಲ್ಲಿ ಮಾತ್ರ ಹೇಳಿದಳು. ಅಂದು ಏಳು ಕಟ್ಟು ಹೋಯಿತು. ನಾಲ್ಕು ದಿನ ಕಳೆಯುವುದರೊಳಗೆ ಹತ್ತೂ ಹೋಗತೊಡಗಿತು. ಆಮೆ, ಗೀಜಗರೂ ಗೌರಕ್ಕನ ಬಳಿ ಬಂದರು. ಕೆಲಸವಾದ ಮೇಲೆ ಅವಳಿಗೆ ಒಂದು ಹಿಡಿ ನೇರಳೆಹಣ್ಣು ಕೊಟ್ಟರೆ ಸಾಕಿತ್ತು.

ಇದನ್ನೆಲ್ಲ ಕೆಂಚಣ್ಣ ಎಂಬ ನರಿ ಪೊದೆಯ ಹಿಂದೆ ಕುಳಿತು ನೋಡುತ್ತಿದ್ದ. ಬೇಟೆಯಾಡಲು ಅವನಿಗೆ ಸೋಮಾರಿತನ. "ಕೂತಲ್ಲಿ ಮಾತಾಡಿದರೆ ಹೊಟ್ಟೆ ತುಂಬುತ್ತದೆ ಅನ್ನೋದು ಗೊತ್ತೇ ಇರಲಿಲ್ಲವಲ್ಲ!" ಎಂದುಕೊಂಡ. ಎರಡು ಗೊನೆ ಬಾಳೆಹಣ್ಣು ಕದ್ದು ತಂದು ಕೋತಿಗಳಿಗೆ ಕೊಟ್ಟ. "ನಾನು ಹೇಳಿದ್ದನ್ನು ಮರದ ತುದಿಯಿಂದ ಕೂಗಿ. ಕೂಗಿದ ಮೇಲೆ ಕೊಂಬೆ ಹಿಡಿದು ಚೆನ್ನಾಗಿ ಅಲ್ಲಾಡಿಸಿ" ಎಂದ.

ಮರುದಿನವೇ ಅತ್ತಿಮರದ ಕೆಳಗೆ ಮೊಣಕಾಲುದ್ದ ಎಲೆ ಬಿದ್ದಿತು. ಅದರ ಮೇಲೆ ಕಾಲಮೇಲೆ ಕಾಲು ಹಾಕಿಕೊಂಡು ಕೆಂಚಣ್ಣ ಕುಳಿತಿದ್ದ.

"ಬನ್ನಿ, ಬನ್ನಿ! ಗೌರಕ್ಕ ಏಳು ಜನಕ್ಕೆ ಹೇಳ್ತಾಳೆ. ನಾನು ಇಡೀ ಕಾಡಿಗೆ ಹೇಳ್ತೀನಿ. ಎಲೆ ನೋಡ್ರಪ್ಪ, ಎಲೆ!"

ಎಲೆಯ ರಾಶಿ ನೋಡಿ ಸಣ್ಣ ವ್ಯಾಪಾರದವರಿಗೆಲ್ಲ ಕಣ್ಣು ಕುಕ್ಕಿತು. ಗೀಜಗ ಅತ್ತ ಹೋದ. ಆಮೆಯೂ ನಿಧಾನವಾಗಿ ಅತ್ತಲೇ ತಿರುಗಿದ. ಕೊನೆಗೆ ನಂಜವ್ವನೂ ತಲೆ ತಗ್ಗಿಸಿಕೊಂಡು ಗೌರಕ್ಕನ ಮುಂದೆ ನಿಂತಿತು.

"ಅಕ್ಕ, ಬೇಜಾರು ಮಾಡ್ಕೋಬೇಡ. ಮೋಡ ಕಟ್ಟುತ್ತಾ ಇದೆ. ಇನ್ನೂ ಅರ್ಧದಷ್ಟೂ ಕಾಳು ಕೂಡಿಟ್ಟಿಲ್ಲ. ಒಂದೇ ಒಂದು ಸಲ ಅವನ ಹತ್ತಿರ ಡಂಗುರ ಸಾರಿಸ್ತೀನಿ."

ಗೌರಕ್ಕನಿಗೆ ಒಳಗೊಳಗೇ ನೋವಾಯಿತು. ಆದರೂ ಬಿರುಸು ಮಾತಾಡಲಿಲ್ಲ. "ಹೋಗು ತಾಯಿ. ದೇವರು ಒಳ್ಳೆಯದು ಮಾಡಲಿ. ಆದರೆ ನಿನ್ನ ಮನೆ ಎಲ್ಲಿ ಅಂತ ಮಾತ್ರ ಹೇಳಬೇಡ."

ಕೆಂಚಣ್ಣ ನಂಜವ್ವನನ್ನು ಎಲೆಗಳ ಮೇಲೆ ಕೂರಿಸಿಕೊಂಡು ಬಹಳ ಪ್ರೀತಿಯಿಂದ ಮಾತಾಡಿಸಿದ. ಸೊಪ್ಪು ಬಾಯಿಗೆ ಹಾಕಿ ನೋಡಲಿಲ್ಲ, ಮೂಸಿಯೂ ನೋಡಲಿಲ್ಲ.

"ಬರೀ ಸೊಪ್ಪು ಅಂದರೆ ಯಾರು ಕೇಳ್ತಾರವ್ವ? ಕೇಳಿದವರ ಕರುಳು ಚುರುಕ್ ಅನ್ನಬೇಕು. ಮನೆಯಲ್ಲಿ ಯಾರ್‍ಯಾರಿದ್ದೀರಿ?"

"ನಾನು, ಐದು ಮರಿಗಳು."

"ಸಣಕಲೋ, ದುಂಡಗಿದ್ದಾವೋ?"

ಯಾವ ತಾಯಿಗೆ ತಾನೇ ತನ್ನ ಮಕ್ಕಳು ಸಣಕಲು ಎಂದು ಹೇಳಲು ಮನಸ್ಸು ಬರುತ್ತದೆ? "ಬೆಣ್ಣೆಮುದ್ದೆ ಹಾಗಿದ್ದಾವೆ ಅಣ್ಣ!" ಎಂದುಬಿಟ್ಟಿತು ನಂಜವ್ವ.

"ಭೇಷ್! ಗಿರಾಕಿ ದಾರಿ ತಪ್ಪಬಾರದು. ಮನೆ ಎಲ್ಲಿ ಹೇಳು."

ನಂಜವ್ವನಿಗೆ ಗೌರಕ್ಕ ಹೇಳಿದ್ದು ನೆನಪಾಯಿತು. ಸುತ್ತ ಬಿದ್ದಿದ್ದ ಎಲೆಗಳನ್ನು ನೋಡಿತು. ಆಮೇಲೆ ಹೇಳಿಯೇಬಿಟ್ಟಿತು.

ಸ್ವಲ್ಪ ಹೊತ್ತಿಗೆ ಮರದ ತುದಿಯಿಂದ ಹನ್ನೆರಡು ಕೋತಿಗಳು ಒಟ್ಟಿಗೆ ಕೂಗಿದವು: "ಕೇಳಿರಪ್ಪೋ! ಹುತ್ತದ ಪಕ್ಕದ ಬಿಲದಲ್ಲಿ ನಂಜವ್ವನ ಸೊಪ್ಪಿನಂಗಡಿ! ಗಂಡು ದಿಕ್ಕಿಲ್ಲದ ಮನೆ! ಬೆಣ್ಣೆಮುದ್ದೆಯಂಥ ಐದು ಮರಿಗಳು! ಇದನ್ನು ಸಾರಿಸಿದವನು ಕರಿಬಂಡೆಯ ಗವಿಯ ಕೆಂಚಣ್ಣ! ಎಲ್ಲರೂ ಬನ್ನಿರಪ್ಪೋ!" ಎಲೆಗಳು ಮಳೆಯಂತೆ ಸುರಿದವು.

ಪೊಟರೆಯಲ್ಲಿದ್ದ ಗೌರಕ್ಕನಿಗೆ ಆ ಕೂಗು ಕೇಳಿಸಿತು. ಹಾರಿ ಮೇಲೆ ಬಂದು ಗುಡ್ಡದ ಕಡೆ ನೋಡಿದಳು. ಅಲ್ಲಿ ಬಂಡೆಯೊಂದರ ಮೇಲೆ ಚುಕ್ಕೆರಾಯನೆಂಬ ಚಿರತೆ ಬಿಸಿಲಿಗೆ ಮೈ ಕಾಯಿಸುತ್ತ ಮಲಗಿತ್ತು. ಅದರ ಕಿವಿ ನಿಮಿರಿತು. ಅದು ನಿಧಾನವಾಗಿ ಎದ್ದು ಮೈಮುರಿದು, ನಾಲಿಗೆಯಿಂದ ಮೀಸೆ ಒರೆಸಿಕೊಂಡು, ಹುತ್ತದ ದಾರಿ ಹಿಡಿಯಿತು.

ಕೂಗಿ ಎಲ್ಲರನ್ನೂ ಎಬ್ಬಿಸಿದರೆ ಗಾಬರಿಯಲ್ಲಿ ಮರಿಗಳು ದಿಕ್ಕಾಪಾಲಾಗುತ್ತವೆ, ಚಿರತೆಗೆ ಇನ್ನೂ ಸುಲಭ. ಗೌರಕ್ಕ ಕೂಗಲಿಲ್ಲ. ನೆಟ್ಟಗೆ ನಂಜವ್ವನ ಬಳಿ ಹಾರಿ ಎರಡೇ ಮಾತು ಹೇಳಿದಳು. ನಂಜವ್ವ ಐದು ಮರಿಗಳನ್ನೂ ಕಟ್ಟಿಕೊಂಡು ಹಳ್ಳದಾಚೆಯ ಕಳ್ಳಿಸಾಲಿನೊಳಗೆ ನುಗ್ಗಿತು. ಅಲ್ಲಿಂದ ಗೌರಕ್ಕ ಮುಳ್ಳುಹಂದಿಯ ಮನೆಗೆ ಹೋದಳು. ಅವನಿಗೆ ಮುನಿಯಜ್ಜ ಎಂದು ಹೆಸರು. ಜಗಳವೆಂದರೆ ಹಬ್ಬ ಎನ್ನುವ ಮುದುಕ.

"ಮುನಿಯಜ್ಜ, ಒಂದು ಸಂಜೆ ನಂಜವ್ವನ ಮನೆ ಕಾಯಬೇಕು."

"ಯಾರು ಬರ್ತಾರೆ?"

"ಚುಕ್ಕೆರಾಯ."

"ಅಯ್ಯೋ, ಅವನನ್ನು ಮಾತಾಡಿಸಿ ಬಹಳ ದಿನ ಆಗಿತ್ತು. ನಡಿ ಮಗಳೇ!" ಎಂದು ಮುದುಕ ಜರಜರನೆ ಮುಳ್ಳು ಆಡಿಸಿಕೊಂಡು ಹೊರಟೇಬಿಟ್ಟ. ಬಿಲದೊಳಗೆ ಹೋಗಿ ಬಾಗಿಲ ಕಡೆ ಬೆನ್ನು ಮಾಡಿ ಕುಳಿತ.

ಹೊತ್ತು ಇಳಿಯುವಾಗ ಚಿರತೆ ಬಂದಿತು. ದನಿ ಸಣ್ಣಗೆ ಮಾಡಿಕೊಂಡು ಕೇಳಿತು: "ನಂಜವ್ವನವರು ಇದ್ದಾರಾ? ಸೊಪ್ಪಿಗೆ ಅಂತ ಬಂದೆ."

ಒಳಗಿನಿಂದ ಮುನಿಯಜ್ಜ ತಾನೂ ದನಿ ಸಣ್ಣಗೆ ಮಾಡಿದ: "ಬನ್ನಿ ಸ್ವಾಮಿ. ಎಲ್ಲ ಎಳೇದು, ಎಲ್ಲ ತಾಜಾ. ಕೈ ಹಾಕಿ ನೀವೇ ಆರಿಸ್ಕೊಳ್ಳಿ."

ಚಿರತೆ ಕೈಯನ್ನಷ್ಟೇ ಅಲ್ಲ, ಆಸೆಗೆ ಮೂತಿಯನ್ನೂ ಹಾಕಿತು. ಆಮೇಲೆ ಕೇಳಿದ ಅರಚಾಟಕ್ಕೆ ಹಳ್ಳದ ಕಪ್ಪೆಗಳೆಲ್ಲ ಒಮ್ಮೆಗೇ ನೀರಿಗೆ ಹಾರಿದವು. ಕಳ್ಳಿಸಾಲಿನಲ್ಲಿ ಅಡಗಿದ್ದ ಮರಿಗಳು ಕಿಸಕ್ಕೆಂದು ನಕ್ಕವು. "ಶ್!" ಎಂದ ನಂಜವ್ವನಿಗೂ ನಗು ತಡೆಯಲಿಲ್ಲ.

ಮೂತಿ ತುಂಬ ಮುಳ್ಳು ಹೊತ್ತುಕೊಂಡ ಚಿರತೆಗೆ ಈಗ ಒಬ್ಬನದೇ ನೆನಪು. ಕರಿಬಂಡೆಯ ಗವಿಯ ಕೆಂಚಣ್ಣ! ವಿಳಾಸವನ್ನು ಹನ್ನೆರಡು ಕೋತಿಗಳು ಕೂಗಿ ಹೇಳಿದ್ದವಲ್ಲ. ಯಾರನ್ನೂ ಕೇಳುವ ಅಗತ್ಯವೇ ಬರಲಿಲ್ಲ.

ಗವಿಯಲ್ಲಿ ನಂಜವ್ವ ಮುಂಗಡ ಕೊಟ್ಟಿದ್ದ ಗೆಣಸನ್ನು ತಿನ್ನುತ್ತಿದ್ದ ಕೆಂಚಣ್ಣನಿಗೆ ಹೆಜ್ಜೆಯ ಸದ್ದು ಕೇಳಿಸಿತು. ಹೊಸ ಗಿರಾಕಿ ಎಂದುಕೊಂಡು ಒಳಗಿನಿಂದಲೇ ಕೂಗಿದ: "ಬನ್ನಿ, ಬನ್ನಿ! ಏನನ್ನು ಸಾರಿಸಬೇಕು?"

"ನಿನ್ನ ತಿಥಿಯನ್ನು" ಎಂದಿತು ಚಿರತೆ.

ಕೆಂಚಣ್ಣನ ಬಾಯಲ್ಲಿದ್ದ ಗೆಣಸು ಕೆಳಗೆ ಬಿದ್ದಿತು. "ಸ್ವಾಮಿ... ತಾವು... ಈ ಬಡವನ ಗವಿಗೆ..."

"ಐದು ಮರಿ ಅಂದೆಯಲ್ಲ. ಎಲ್ಲಿ ಮರಿ?"

"ನಾನು ಸಾರುವವನಷ್ಟೇ ಸ್ವಾಮಿ! ಸರಕು ನನ್ನದಲ್ಲ. ಸಾರಿದ್ದು ನಿಜವೋ ಸುಳ್ಳೋ, ಬಂದವರು ಯಾರೋ, ನಾನು ನೋಡೋಕೆ ಹೋಗಲ್ಲ."

"ಹಾಗಾದರೆ ನಿನ್ನ ಸರಕು ಯಾವುದು?"

"ನನ್ನ ಹತ್ತಿರ ಏನಿದೆ ಬುದ್ಧಿ? ಬರೀ ಈ ನಾಲಿಗೆ."

"ಅದನ್ನೇ ಕೊಡು. ಬರಿಗೈಯಲ್ಲಿ ಹೋಗುವ ಗಿರಾಕಿ ನಾನಲ್ಲ."

ಕೆಂಚಣ್ಣ ಚಿರತೆಯ ಕಾಲಸಂದಿಯಲ್ಲಿ ತೂರಿ ಓಡಿದ. ಬಾಲದ ಅರ್ಧ ಕೂದಲು ಚಿರತೆಯ ಹಲ್ಲಿನಲ್ಲೇ ಉಳಿಯಿತು. "ಕಾಪಾಡ್ರಪ್ಪೋ!" ಎಂದು ಅತ್ತಿಮರದ ಕೆಳಗೆ ಬಂದು ಬಾಯಿ ಬಡಿದುಕೊಂಡ. ಮೇಲಿದ್ದ ಕೋತಿಗಳಿಗೆ ಅವನು ಕೂಗಿದರೆ ಕೊಂಬೆ ಅಲ್ಲಾಡಿಸುವುದಷ್ಟೇ ಅಭ್ಯಾಸ. ಹನ್ನೆರಡೂ ಕೂಡಿ ಅಲ್ಲಾಡಿಸಿದವು. ಅವನ ಮೇಲೆ ರಾಶಿ ರಾಶಿ ಎಲೆ ಬಿದ್ದಿತು. ಸಹಾಯಕ್ಕೆ ಮಾತ್ರ ಒಬ್ಬರೂ ಇಳಿಯಲಿಲ್ಲ. ಎಲೆ ಕೊಡವಿಕೊಂಡು ಓಡಿದ ಕೆಂಚಣ್ಣ ಎರಡು ಗುಡ್ಡ ದಾಟುವವರೆಗೂ ನಿಲ್ಲಲಿಲ್ಲ. ಈಗ ಅವನಿರುವುದು ಎಲ್ಲಿ ಎಂದು ಯಾರಿಗೂ ತಿಳಿಯದು. ಅವನೂ ಯಾರಿಗೂ ಹೇಳುವುದಿಲ್ಲ.

ಮಾರನೆಯ ಬೆಳಗ್ಗೆ ಗೌರಕ್ಕ ಸೂರ್ಯನಿಗೆ ನಮಸ್ಕಾರ ಮಾಡಿ ಕಣ್ಣು ತೆರೆದಾಗ ಕೊಂಬೆಯ ಕೆಳಗೆ ನಂಜವ್ವ ನಿಂತಿತ್ತು. ಹಿಂದೆ ಐದು ಮರಿಗಳು, ಅವುಗಳ ಹಿಂದೆ ಆಮೆ, ಗೀಜಗ.

"ಅಕ್ಕ, ನನಗೆ ಬೈದುಬಿಡು. ಆಮೇಲೆ ಮಾತಾಡೋಣ" ಎಂದಿತು ನಂಜವ್ವ.

"ಬೈಯೋಕೆ ಪುರುಸೊತ್ತಿಲ್ಲ ತಾಯಿ. ಮಳೆಗೆ ಇನ್ನು ಹದಿನೈದು ದಿನ ಇದೆ. ಆ ಹಳೆಯ ಬಿಲ ಬಿಟ್ಟುಬಿಡು. ಮನೆ ಕಳ್ಳಿಸಾಲಿನಲ್ಲಿರಲಿ. ಅಂಗಡಿಯನ್ನು ಮುನಿಯಜ್ಜನ ಬಾಗಿಲಲ್ಲಿ ಹಾಕು. ಅವನಿಗೆ ದಿನಾ ಒಂದು ಕಟ್ಟು ಸೊಪ್ಪು ಕೊಡು, ಅವನೇ ಕಾವಲು."

"ಒಂದೇ ಕಟ್ಟಾ?" ಎಂದ ಹಿಂದಿನಿಂದ ಬಂದ ಮುನಿಯಜ್ಜ. "ನಿನ್ನೆ ನಾನು ಉದುರಿಸಿದ ಮುಳ್ಳಿಗೇ ಎರಡು ಕಟ್ಟಾಗುತ್ತೆ."

ಎಲ್ಲರೂ ನಕ್ಕರು. ಗೌರಕ್ಕ ತಗ್ಗಿನ ಕೊಂಬೆಯಿಂದ ಹಾರಿ, ನೀರಿಗೆ ಬರುತ್ತಿದ್ದ ಜಿಂಕೆಗಳ ಕಡೆ ಹೊರಟಳು. ಅಂದು ಅತ್ತಿಮರದಿಂದ ಒಂದು ಎಲೆಯೂ ಬೀಳಲಿಲ್ಲ. ನಂಜವ್ವನ ಹನ್ನೆರಡು ಕಟ್ಟು ಸೊಪ್ಪೂ ಬಿಸಿಲೇರುವ ಮುಂಚೆಯೇ ಮುಗಿದುಹೋಗಿತ್ತು.

ನೀತಿ: ಬಹಳ ಮಂದಿಗೆ ಕೇಳಿಸುವುದು ದೊಡ್ಡದಲ್ಲ, ನಿಜವಾದ ಮಾತು ಬೇಕಾದವರನ್ನು ಮುಟ್ಟಿದರೆ ಸಾಕು. ಯಾರದೋ ಬದುಕನ್ನು ಬೀದಿಯಲ್ಲಿ ಸಾರಿ ಹೊಟ್ಟೆ ಹೊರೆಯುವವನಿಗೆ ಕಷ್ಟಕಾಲದಲ್ಲಿ ಯಾರೂ ಆಗುವುದಿಲ್ಲ.