ರಾಜನ ಜೀಪಿಗೆ ತೂತು ಕೊರೆಯದವಳು

"ಅಣ್ಣಾ, ಅರಮನೆಗೆ ಯಾವ ದಾರಿ? ಸುತ್ತಿ ಸುತ್ತಿ ಮೂರನೇ ಸಲ ಇದೇ ಬೇವಿನಮರದ ಹತ್ರ ಬಂದು ನಿಂತಿದೀನಿ," ಎಂದು ಸಾಕವ್ವ ಡಂಗುರದವನನ್ನು ಕೇಳಿದಳು.

ಅವನು ದಾರಿ ತೋರಿಸುವ ಬದಲು ತಮಟೆ ಬಡಿದ.

"ಕೇಳ್ರಪ್ಪೋ ಕೇಳಿ! ಕೋಡುಗಲ್ಲಿನ ದೊರೆ ವೀರಮಲ್ಲರು ಹೊಸ ಜೀಪು ತರಿಸವ್ರೆ. ಮೂರು ವರ್ಷದೊಳಗೆ ಕೆಟ್ಟರೆ ಪುಕ್ಕಟೆ ಸರಿ ಮಾಡ್ತೀವಿ ಅಂತ ಕಂಪನಿಯೋರು ವಾರಂಟಿ ಬರೆದುಕೊಟ್ಟವ್ರೆ. ಆ ವಾರಂಟಿ ಮುರೀದಂಗೆ ಜೀಪನ್ನ ಕಲ್ಲುಗುಡ್ಡ ಹತ್ತೋಕೆ ಸಜ್ಜು ಮಾಡೋರು ಬನ್ನಿ. ಮೊದಲು ಮೂರು ಒಗಟು. ಬಿಡಿಸಿದರೆ ಕೇಳಿದ್ದು ಕೊಡ್ತಾರೆ, ತಪ್ಪಿದರೆ ತಲೆ ತೆಗೀತಾರೆ!"

"ಅದೆಲ್ಲ ಗೊತ್ತು. ನಿನ್ನೆ ತಪ್ಪಿದ ಕರಿಸಿದ್ದ ನನ್ನ ತಮ್ಮ."

ತಮಟೆ ನಿಂತಿತು. "ಮೊದಲನೇ ಒಗಟಿಗೆ ಮೂಗುತಿ ಅಂದವನಾ? ಇವತ್ತು ಹೊತ್ತು ಮುಳುಗೋವರೆಗೆ ಅವನಿಗೆ ಗಡುವು. ಕೆರೆ ಏರಿ ಮೇಲೆ ಎಡಕ್ಕೆ ಹೋಗವ್ವ, ಬೇಗ."

ಸಾಕವ್ವ ಬಾಡಿಗೆ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಇಪ್ಪತ್ತು ವರ್ಷದಿಂದ ಸೀಮೆ ಸೀಮೆ ತಿರುಗಿದವಳು. ಏಳು ಸೀಮೆಯ ಸುಂಕದ ಕಟ್ಟೆಯವರಿಗೆ ಅವಳ ಹೆಸರು ಗೊತ್ತಿತ್ತು. ಆದರೂ ಹೋದ ಊರಲ್ಲೆಲ್ಲ ದಾರಿ ತಪ್ಪುತ್ತಿದ್ದಳು.

ಅರಮನೆಯ ಅಂಗಳದಲ್ಲಿ ಚೆಂಡುಹೂವಿನ ಹಾರ ಹಾಕಿದ ಜೀಪು ನಿಂತಿತ್ತು. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಪಕ್ಕದಲ್ಲಿ ಕೋಟು ತೊಟ್ಟ ಕಂಪನಿಯವನು. ಒಗಟು ಬಿಡಿಸಲು ಅವಳಿಗಿಂತ ಮೊದಲೇ ಇಬ್ಬರು ಬಂದಿದ್ದರು: ಪೇಂಟರ್ ನರಸೋಜಿ, ಮೇಸ್ತ್ರಿ ಗುರುಪಾದ. ಗುರುಪಾದ ಜೀಪಿನ ಬಾನೆಟ್ ಮೇಲೆ ಕೂತು, ಆಮೇಲೆ "ಕೂರಬಹುದಾ?" ಎಂದ. ಕಾವಲಿನವನು ರಟ್ಟೆ ಹಿಡಿದು ಕೆಳಗಿಳಿಸಿದ.

ದೊರೆ ಮೊದಲನೆಯದನ್ನು ಕೇಳಿದ. "ತೊಟ್ಟರೆ ಮೈಯ ರೂಪವೇ ಬೇರೆ. ಬಿಚ್ಚಿಟ್ಟರೆ, ತೊಟ್ಟಿದ್ದೆ ಎಂಬ ನೆನಪೂ ಮೈಗೆ ಇರುವುದಿಲ್ಲ. ಏನದು?"

"ಬಣ್ಣ!" ಎಂದ ನರಸೋಜಿ.

"ಕೆರೆದು ನೋಡು, ಮೈಗೆ ನೆನಪಿರುತ್ತದೋ ಇಲ್ಲವೋ," ಎಂದ ದೊರೆ. ನರಸೋಜಿಯನ್ನು ಸೆರೆಮನೆಗೆ ಒಯ್ದರು.

"ಸೊಂಟದ ಡಾಬು, ಬುದ್ಧಿ," ಎಂದಳು ಸಾಕವ್ವ. "ಮೂಗುತಿ ತೆಗೆದರೂ ತೂತು ಉಳೀತದೆ. ಡಾಬು ಹಿಡಕೊಂಡು ನಿಲ್ತದೆ, ಚುಚ್ಚೋದಿಲ್ಲ."

"ನಾನೂ ಅದನ್ನೇ ಹೇಳಬೇಕೂಂತಿದ್ದೆ," ಎಂದ ಗುರುಪಾದ.

"ಹಾಗಾದರೆ ಮುಂದಿನದನ್ನು ನೀನೇ ಮೊದಲು ಹೇಳು," ಎಂದ ದೊರೆ. "ಅದಕ್ಕೆ ಎಲ್ಲ ಗೊತ್ತು. ಮನೆಯಲ್ಲೇ ಇರುತ್ತದೆ. ಅನಾಹುತ ಆಗುವವರೆಗೆ ಯಾರೂ ಅದನ್ನು ಕೇಳುವುದಿಲ್ಲ."

"ಅತ್ತೆ, ಪ್ರಭು!"

"ನಿನ್ನತ್ತೆ ಕೇಳದೆಯೂ ಹೇಳುವುದಿಲ್ಲವೇ?"

ಸಭೆ ನಕ್ಕಿತು. ಗುರುಪಾದನೂ ನರಸೋಜಿಯ ಹಿಂದೆ ಹೋದ.

ಸಾಕವ್ವ ಜೀಪಿನೊಳಗೆ ಇಣುಕಿದಳು. "ಅಗೋ ಬುದ್ಧಿ, ಜೀಪಿನ ಜೊತೆ ಬಂದ ಪುಸ್ತಕ. ಇನ್ನೂ ಲಕೋಟೆ ಒಡೆದಿಲ್ಲ."

ದೊರೆ ಕೆಮ್ಮಿದ. "ನಿನಗೆ ಓದು ಬರುತ್ತದೆಯೇ?"

"ಇಲ್ಲ. ಅದಕ್ಕೇ ಯಾರ ಕೈಲಾದರೂ ಓದಿಸಿಕೊಳ್ತೀನಿ. ಓದು ಬಲ್ಲೋರಿಗೆ ಆ ಕಷ್ಟ ಇಲ್ಲ."

ಮೂರನೆಯದಕ್ಕೆ ಅವಳೊಬ್ಬಳೇ ಉಳಿದಿದ್ದಳು. "ಒಂದೇ ಮಾತು. ಮೊದಲು ಆಡಿದರೆ ಬಾಗಿಲು ತೆರೆಯುತ್ತದೆ. ಅದನ್ನೇ ಆಮೇಲೆ ಆಡಿದರೆ ಬಾಗಿಲು ಮುಚ್ಚುತ್ತದೆ. ಯಾವ ಮಾತು?"

ಇಳಿಬಿಸಿಲು ಕೋಟೆಯ ತೆನೆಗಳಿಗೆ ಏರಿತ್ತು. ದೇವರ ಹೆಸರೇ? ಅದಕ್ಕೆ ಹೊತ್ತುಗೊತ್ತಿಲ್ಲ. ತಪ್ಪಾಯಿತು ಎನ್ನುವ ಮಾತೇ? ತಪ್ಪು ಮಾಡುವ ಮೊದಲೇ ಅದನ್ನು ಯಾರು ಆಡುತ್ತಾರೆ? ಬೆಳಗಿನಿಂದ ನಡೆದ ಕಾಲು ನೋಯುತ್ತಿತ್ತು.

"ಬುದ್ಧಿ, ಒಂದು ಗಳಿಗೆ ಕೂತ್ಕೋಬಹುದಾ?"

"ಕೂತುಕೋ."

ಅರ್ಧ ಕೂತವಳು ಎದ್ದು ನಿಂತಳು. "ಇದೇ ಮಾತು! ನಾನು ಕೇಳಿ ಕೂರೋಕೆ ಹೋದೆ, ಮೇಸ್ತ್ರಿ ಕೂತು ಕೇಳಿದ. ಜೀಪಿಗೆ ತೂತು ಕೊರೆಯೋ ಮುಂಚೆ ‘ಮಾಡಬಹುದಾ’ ಅಂತ ಕೇಳಿದರೆ ಕಂಪನಿಯೋರು ದಾರಿ ಹೇಳ್ತಾರೆ. ಕೊರೆದ ಮೇಲೆ ಕೇಳಿದರೆ ವಾರಂಟಿ ಮುಗೀತು ಅಂತಾರೆ."

ಕಂಪನಿಯವನು ಮೊದಲ ಸಲ ಹೌದೆಂದು ತಲೆಯಾಡಿಸಿದ.

"ಇದನ್ನೆಲ್ಲ ಎಲ್ಲಿ ಕಲಿತೆ?" ಎಂದ ದೊರೆ.

"ಬಾಡಿಗೆ ಕತ್ತೆಯಿಂದ, ಬುದ್ಧಿ. ಸಂಜೆ ಯಜಮಾನ ಅದರ ಬೆನ್ನು ಸವರಿ ನೋಡ್ತಾನೆ. ಎಲ್ಲಾದರೂ ತರಚಿದ್ದು ಕಂಡರೆ ನಾಳೆ ಕತ್ತೆ ಸಿಗಲ್ಲ. ಅದಕ್ಕೇ ಅಡಿಗೆ ಗೋಣಿ ಹಾಸಿ, ಪಟ್ಟಿ ಬಿಗಿದು ಹೇರು ಕಟ್ತೀನಿ."

"ಆದರೆ ಜೀಪು ನನ್ನದೇ ಅಲ್ಲವೇ?"

"ಜೀಪು ನಿಮ್ಮದು. ವಾರಂಟಿ ಕೊಟ್ಟ ಮಾತು ಅವರದು. ಮೇಲಿನ ಕ್ಯಾರಿಯರ್ ಕೊರೀದೆ ಬಿಗಿದು ಕೂರಿಸಿ. ಟೈರಿಗೆ ಪುಸ್ತಕದಲ್ಲಿ ಹೇಳಿರೋ ಅಳತೆ ದಾಟಬೇಡಿ. ಅದಕ್ಕಿಂತ ಹೆಚ್ಚು ಏನು ಬೇಕಿದ್ದರೂ ಈ ಕೋಟಿನವರ ಕೈಲಿ ಮೊದಲೇ ಬರೆಸಿಕೊಳ್ಳಿ."

"ಮೂರೂ ಸರಿ," ಎಂದ ದೊರೆ. "ಏನು ಬೇಕೋ ಕೇಳು. ಜೀಪನ್ನೇ ಕೇಳಿದರೂ ಸರಿ."

ಸಾಕವ್ವ ಒಮ್ಮೆ ಜೀಪನ್ನು ನೋಡಿದಳು. ನೋಡಲಿಲ್ಲ ಎಂದರೆ ಸುಳ್ಳಾದೀತು. "ಸೆರೆಯಲ್ಲಿರೋ ಅಷ್ಟೂ ಜನರ ತಲೆ ಕೊಡಿ ಬುದ್ಧಿ. ಕತ್ತಿನ ಮೇಲೆ ಇದ್ದ ಹಾಗೇ."

ಹೊತ್ತು ಮುಳುಗುವ ಮುಂಚೆ ಸೆರೆಮನೆಯ ಬಾಗಿಲು ತೆರೆಯಿತು. ಕರಿಸಿದ್ದ ತಲೆ ತಗ್ಗಿಸಿಕೊಂಡು ಬಂದ. "ಅಕ್ಕಾ, ನನಗೋಸ್ಕರ ತಲೆ ಒಡ್ಡಿದೆಯಾ?"

"ಹುಣಸೆತೋಪಿನಲ್ಲಿ ಹುಚ್ಚುನಾಯಿ ನನ್ನ ಮೇಲೆ ಬಿದ್ದಾಗ ನಿನಗೆ ಏಳು ವರ್ಷ. ನಡುವೆ ನುಗ್ಗಿ ನೀನು ಕಚ್ಚಿಸಿಕೊಂಡೆ. ಯಾವ ಸೀಮೆಗೆ ಹೋದರೂ ಉಪ್ಪಿನ ಜೊತೆ ಆ ಋಣಾನೂ ಹೊತ್ಕೊಂಡು ತಿರುಗಿದೀನಿ ಕಣೋ. ಕೈ ಕೊಡು."

ಕಾವಲಿನವನು ಬಿಚ್ಚಲು ಮುಂದೆ ಬಂದರೂ ಬಿಡದೆ, ತಮ್ಮನ ಕೈಗೆ ಕಟ್ಟಿದ್ದ ಹಗ್ಗವನ್ನು ಅವಳೇ ಬಿಚ್ಚಿದಳು.