ಗುಂಡು ಹಾರಿದ ಮೇಲೆ ಕಾಯಿ

ಕೊಡಗಿನ ಒಂದೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಎಷ್ಟು ಕಾಯಿ ಒಡೆದರೆ ಜಿಲ್ಲಾ ತಂಡಕ್ಕೆ ಆಯ್ಕೆ ಎಂದು ಯಾರು ಕೇಳಿದರೂ ಅಧ್ಯಕ್ಷ ಬೆಳ್ಯಪ್ಪನವರದು ಒಂದೇ ಉತ್ತರ: "ಮೊದಲು ಹೊಡೀರಿ, ಅದನ್ನ ಆಮೇಲೆ ಹೇಳ್ತೀವಿ." ಅವರ ಅಳಿಯನೂ ಕೋವಿ ಹಿಡಿದು ನಿಂತಿದ್ದ. ಎಲ್ಲರಿಗೂ ಅರ್ಥವಾಯಿತು, ಆದರೂ ಸಾಲಿಗೆ ನಿಂತರು.

ಮರಕ್ಕೆ ಕಾಯಿ ಕಟ್ಟುವ ಐತ ಮಾತ್ರ ಕಾಯಿಚೀಲಕ್ಕೆ ತಲೆಕೊಟ್ಟು ನೆರಳಲ್ಲಿ ಮಲಗಿಬಿಟ್ಟ.

"ಮರ ಖಾಲಿ ಇದೆಯಲ್ಲೋ! ಕಾಯಿ ಎಲ್ಲಿ?" ಬೆಳ್ಯಪ್ಪ ಗುಡುಗಿದರು.

"ಮೊದಲು ಹೊಡೀಲಿ ಧಣಿ. ಅಳಿಯಂದಿರ ಗುಂಡು ಎಲ್ಲಿಗೆ ಹೋಗುತ್ತೋ ನೋಡ್ಕೊಂಡು ಅಲ್ಲೇ ಕಟ್ತೀನಿ."

ಜನ ಗೊಳ್ಳೆಂದು ನಕ್ಕರು. ಬೆಳ್ಯಪ್ಪ ಮೀಸೆ ತೀಡಿದರು, ಕೆಮ್ಮಿದರು, ಕೊನೆಗೆ ಹಲಗೆ ತರಿಸಿ ಎಲ್ಲರಿಗೂ ಕಾಣುವಂತೆ ಬರೆದರು: 'ಐದರಲ್ಲಿ ಮೂರು ಕಾಯಿ.'

ಐತ ಮರ ಹತ್ತಿ ಕಾಯಿ ಕಟ್ಟಿ ಇಳಿದ. ಅಳಿಯನ ಐದು ಗುಂಡೂ ಮರದ ಮೇಲಿಂದ ಹಾರಿಹೋದವು, ಒಂದು ಕಾಯಿಯೂ ಅಲುಗಲಿಲ್ಲ.

"ಬದುಕಿದೆ ಧಣಿ," ಎಂದ ಐತ. "ಇಲ್ದಿದ್ರೆ ಇವತ್ತು ಆಕಾಶಕ್ಕೆ ಕಾಯಿ ಕಟ್ಟಬೇಕಿತ್ತು!"