ಹಳದಿ ಹೂವಿನ ಹೊಲ

ನೆಲ ಉಳದೆ ಜೋಳ ಹಾಕಲೆಂದು, ಪಾಲಿಗೆ ಹೊಲ ಮಾಡುತ್ತಿದ್ದ ಗುರುಮಲ್ಲ ಮೊದಲು ಗೊಬ್ಬರಕ್ಕೆ ಸೆಣಬು ಬೆಳೆದಿದ್ದ. ಹೂ ಬಿಟ್ಟಾಗಲೇ ಅದನ್ನು ತುಳಿದು ನೆಲಕ್ಕೆ ಮಲಗಿಸಿ, ಆ ಹೊದಿಕೆಯಲ್ಲೇ ಜೋಳ ಬಿತ್ತಬೇಕು. ಬೀಜ ಕಟ್ಟಿದರೆ ಹೊಲವೆಲ್ಲ ಕಳೆ.

ಹೊಲದ ಯಜಮಾನರು ಬಿಡಲಿಲ್ಲ. “ದಾರೀಲಿ ಹೋಗೋರೆಲ್ಲ ನನ್ನ ಹೂ ನೋಡ್ಬೇಕು. ಒಂದು ಗಿಡ ಮುಟ್ಟಿದ್ರೂ ಹೊಲ ಬಿಡಿಸ್ತೀನಿ.”

ಗುರುಮಲ್ಲ ಹೆದ್ದಾರಿ ಬದಿ ಒಂದು ಬೋರ್ಡು ನೆಟ್ಟ: ‘ಫೋಟೋ ತೆಗೆಯಲು ಬನ್ನಿ, ದುಡ್ಡಿಲ್ಲ.’ ಜನ ಕಾರು, ಬೈಕಲ್ಲಿ ಬಂದರು. ಹೂವಿನ ನಡುವೆ ನಿಂತರು, ಕುಂತರು, ಹೊರಳಾಡಿದರು. ಭಾನುವಾರ ಸಂಜೆಗೆ ಸೆಣಬೆಲ್ಲ ಚಾಪೆ.

ಯಜಮಾನರು ಬಂದು ನೋಡಿದರು. ಬೈಗುಳಕ್ಕೆ ಕಾದು ಗುರುಮಲ್ಲ ತಲೆ ಬಗ್ಗಿಸಿದ.

“ಎಷ್ಟು ಜನ ಬಂದಿದ್ರು ನೋಡ್ಲಾ. ಜೋಳ ಬೇಡ, ಮತ್ತೆ ಸೆಣಬೇ ಚೆಲ್ಲು.”

ಗುರುಮಲ್ಲ ತಲೆ ಎತ್ತಿದ. “ಆಗ್ಲಿ ಬುದ್ಧಿ. ವರ್ಷದ ಊಟಕ್ಕೆ ನಮ್ಮನೆಗೂ ಒಂದು ಫೋಟೋ ಕೊಟ್ಬಿಡಿ.”